ಜೇನು ಮತ್ತು ಯಕೃತ್ತು: ಪ್ರಾಚೀನ ವೈದ್ಯಗ್ರಂಥಗಳ ಸಾಕ್ಷ್ಯವನ್ನು ಕುರಿತ ಒಂದು ವಿಚಾರ

ಜೇನುತುಪ್ಪ, ಜೇನ್ನೊಣಗಳು ಗೂಡಿನ ಬಿರುಕುಗಳನ್ನು ಮುಚ್ಚಲು ಮರಗಳಿಂದ ತರುವ ಅಂಟು, ಹೂವಿನ ಪರಾಗ, ರಾಣಿನೊಣದ ಮರಿಗೆ ಉಣಿಸುವ ರಸ, ಇವೆಲ್ಲವೂ ಯಕೃತ್ತನ್ನು ರೋಗದಿಂದ ರಕ್ಷಿಸುತ್ತವೆಂಬ ಮಾತು ಈಚಿನ ದಶಕಗಳಲ್ಲಿ ಬಹಳವಾಗಿ ಪ್ರಚಾರಕ್ಕೆ ಬಂದಿದೆ. ಈ ಮಾತಿನ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಪ್ರಾಚೀನರು ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು ಎಂಬುದು. ಮೊದಲನೆಯ ಮಾತಿನ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ವೈದ್ಯವಿಜ್ಞಾನಿಗಳ ಕೆಲಸ. ಎರಡನೆಯದು ಇತಿಹಾಸಕ್ಕೆ ಸೇರಿದ್ದು. ಅದನ್ನು ಪರೀಕ್ಷಿಸುವ ಹೊಣೆ ನಮ್ಮದು. ಕಾಮಾಲೆ ತಗುಲಿದವನೊಬ್ಬನು ವೈದ್ಯರ ಬಳಿಗೆ ಹೋಗದೆ ಜೇನಿನ ಬಾಟಲಿಯನ್ನು ನಂಬಿ ಕುಳಿತರೆ, ಆ ನಂಬಿಕೆಗೆ ಆಧಾರವಾಗಿ ಚರಕನ ಹೆಸರನ್ನೋ ಗೇಲನ್ನನ ಹೆಸರನ್ನೋ ಎತ್ತಿ ಹೇಳಲಾಗುತ್ತಿದ್ದರೆ, ಆ ಗ್ರಂಥಗಳಲ್ಲಿ ನಿಜವಾಗಿ ಏನಿದೆಯೆಂಬುದನ್ನು ತಿಳಿಯುವುದು ಕೇವಲ ಪಂಡಿತರ ವಿನೋದವಾಗಿ ಉಳಿಯುವುದಿಲ್ಲ.

ವಿಚಾರಕ್ಕೆ ತೊಡಗುವ ಮೊದಲು ಒಂದು ಎಚ್ಚರಿಕೆ ಅವಶ್ಯ. ಪ್ರಾಚೀನರ ಯಕೃತ್ತು ನಮ್ಮ ಯಕೃತ್ತಲ್ಲ. ಅಂಗ ಅದೇ, ಆದರೆ ಅದರ ಕಾರ್ಯವನ್ನು ಕುರಿತ ಕಲ್ಪನೆ ಬೇರೆ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ನನ ಮತದಲ್ಲಿ ಕರುಳಿನಿಂದ ಬಂದ ಅನ್ನರಸವು ಯಕೃತ್ತಿನಲ್ಲಿ ಪಕ್ವವಾಗಿ ರಕ್ತವಾಗುತ್ತದೆ. ಸಿರೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ನಮ್ಮಲ್ಲಿ ಚರಕಸಂಹಿತೆಯು ರಕ್ತವಹ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹಗಳೇ ಮೂಲವೆನ್ನುತ್ತದೆ. ಸುಶ್ರುತಸಂಹಿತೆಯ ಪ್ರಕಾರ ರಸಧಾತುವು ಈ ಎರಡು ಅಂಗಗಳನ್ನು ಸೇರಿದಾಗ ಕೆಂಪು ಬಣ್ಣವನ್ನು ಪಡೆಯುತ್ತದೆ. ಹೀಗೆ ಎರಡು ಸಂಪ್ರದಾಯಗಳಲ್ಲಿಯೂ ಯಕೃತ್ತೆಂದರೆ ರಕ್ತದ ಪಾಕಶಾಲೆ. 'ಯಕೃತ್ತಿನ ರಕ್ಷಣೆ' ಎಂಬ ಇಂದಿನ ಪದಪುಂಜವನ್ನು ಹಿಡಿದುಕೊಂಡು ಆ ಗ್ರಂಥಗಳನ್ನು ಪ್ರವೇಶಿಸಿದವನಿಗೆ ಅದು ಅಲ್ಲಿ ಸಿಕ್ಕುವುದಿಲ್ಲ. ಅವನು ಹುಡುಕಬೇಕಾದದ್ದು ಪಿತ್ತ, ಕಾಮಾಲೆ, ಉಬ್ಬಿದ ಉದರ, ಮಾರ್ಗಗಳ ತಡೆ, ಈ ಶೀರ್ಷಿಕೆಗಳ ಕೆಳಗೆ.

ಗ್ರೀಕರಿಂದ ಆರಂಭಿಸೋಣ. ಹಿಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಸಮುದಾಯದಲ್ಲಿ ತೀವ್ರರೋಗಗಳ ಪಥ್ಯವನ್ನು ಕುರಿತ ಒಂದು ಕೃತಿಯುಂಟು. ರೋಗಿಗೆ ಕೊಡಬೇಕಾದ ಪಾನೀಯಗಳಲ್ಲಿ ಬಾರ್ಲಿಯ ಗಂಜಿ, ಬಗೆಬಗೆಯ ದ್ರಾಕ್ಷಾರಸ, ನೀರಿನಲ್ಲಿ ಕದಡಿದ ಜೇನು, ವಿನೆಗರು ಬೆರೆಸಿದ ಜೇನು ಇವುಗಳ ಗುಣದೋಷಗಳನ್ನು ಅಲ್ಲಿ ಬಹು ಸೂಕ್ಷ್ಮವಾಗಿ ಚರ್ಚಿಸಿದೆ. ಜೇನುನೀರಿಗೆ ಅಲ್ಲಿ ಗೌರವದ ಸ್ಥಾನವೇ ಇದೆ. ಆದರೆ ಪಿತ್ತಪ್ರಕೃತಿಯವರಿಗೂ ಒಳಗಿನ ಅಂಗಗಳು ದೊಡ್ಡದಾಗಿ ಬೆಳೆದವರಿಗೂ ಅದು ಇತರರಿಗೆ ಒಗ್ಗುವಷ್ಟು ಒಗ್ಗುವುದಿಲ್ಲವೆಂದು ಗ್ರಂಥಕಾರನು ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ಯಕೃತ್ತಿನ ರೋಗಿಗಳು ಬಹುಮಟ್ಟಿಗೆ ಈ ಎರಡು ವರ್ಗಗಳಲ್ಲಿಯೇ ಬರುವವರು. ಎಂದರೆ ಗ್ರೀಕ್ ವೈದ್ಯದ ಅತಿ ಪ್ರಾಚೀನ ಸ್ತರದಲ್ಲಿ ನಮಗೆ ದೊರೆಯುವುದು ಜೇನಿನ ಶಿಫಾರಸಲ್ಲ, ಅದರ ಬಗೆಗೆ ಸಂಕೋಚ.

ಗೇಲನ್ನನು ಈ ಸಂಕೋಚಕ್ಕೆ ಸಿದ್ಧಾಂತದ ರೂಪ ಕೊಟ್ಟನು. ಆಹಾರದ್ರವ್ಯಗಳ ಗುಣಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಹೇಳುವುದಿಷ್ಟು: ವೃದ್ಧರಲ್ಲಿ ಮತ್ತು ಶೀತಪ್ರಕೃತಿಯವರಲ್ಲಿ ಜೇನು ಒಳ್ಳೆಯ ಪೋಷಣೆಯಾಗುತ್ತದೆ, ತುಂಬು ಯೌವನದಲ್ಲಿರುವ ಉಷ್ಣಪ್ರಕೃತಿಯವರಲ್ಲಿ ಅದು ಪಿತ್ತವಾಗಿ ಪರಿಣಮಿಸುತ್ತದೆ. ಅದೇ ಗೇಲನ್ನನು, ಶರೀರದಲ್ಲಿನ ಸ್ಥೂಲರಸಗಳನ್ನು ತೆಳುಗೊಳಿಸುವ ಪಥ್ಯವನ್ನು ಕುರಿತು ಬರೆಯುವಾಗ, ಸಿಹಿಪದಾರ್ಥಗಳಲ್ಲಿ ಜೇನಿಗೆ ಮಾತ್ರ ಈ ತೆಳುಗೊಳಿಸುವ ಶಕ್ತಿಯುಂಟೆಂದು ಅದನ್ನು ಉಳಿದ ಸಿಹಿಗಳಿಂದ ಬೇರ್ಪಡಿಸುತ್ತಾನೆ. ಅದಕ್ಕೆ ವಿನೆಗರನ್ನು ಸೇರಿಸಿದರೆ ಆ ಶಕ್ತಿ ಮತ್ತಷ್ಟು ಹರಿತವಾಗುತ್ತದೆ. 'ಆಕ್ಸಿಮೆಲ್' ಎಂಬ ಹುಳಿಜೇನಿನ ಪಾನಕವು ಮುಂದೆ ಸಾವಿರದೈನೂರು ವರ್ಷಗಳ ಕಾಲ ಯಕೃತ್ತಿನ ತಡೆಗಳಿಗೆ ಔಷಧವಾಗಿ ನಡೆದುಬಂದದ್ದು ಈ ತರ್ಕದ ಬಲದಿಂದ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಜೇನು ಯಕೃತ್ತಿಗೆ ಬಲ ಕೊಡುವ ದ್ರವ್ಯವಲ್ಲ. ಅಲ್ಲಿ ಕಟ್ಟಿಕೊಂಡದ್ದನ್ನು ಕತ್ತರಿಸಿ ಹರಿಯಬಿಡುವ ದ್ರವ್ಯ.

ರೋಮನ್ನರ ಅಡಿಗೆಮನೆಯಿಂದ ಬಂದ ಒಂದು ಸಾಕ್ಷ್ಯವು ಈ ಸಂದರ್ಭದಲ್ಲಿ ವಿಶೇಷವಾಗಿ ಪರಿಗಣನೆಗೆ ಅರ್ಹವಾಗಿದೆ. ವೈದ್ಯೇತಿಹಾಸಕಾರರು ಅದರತ್ತ ಸಾಕಷ್ಟು ಗಮನವೀಯರೆಂದು ನಮಗೆ ತೋರುತ್ತದೆ. ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಉತ್ಪಾತದಲ್ಲಿ ಮಡಿದ ಹಿರಿಯ ಪ್ಲಿನಿಯು ತನ್ನ ನಿಸರ್ಗೇತಿಹಾಸದಲ್ಲಿ ಹೆಬ್ಬಾತುಗಳ ಯಕೃತ್ತನ್ನು ಹೇಗೆ ದೊಡ್ಡದಾಗಿ ಬೆಳೆಸುತ್ತಿದ್ದರೆಂಬುದನ್ನು ವಿವರಿಸಿದ್ದಾನೆ. ಹಕ್ಕಿಗಳಿಗೆ ಬಲವಂತವಾಗಿ ತಿನ್ನಿಸಿ ಕೊಬ್ಬಿಸುತ್ತಿದ್ದರು. ಹೊರತೆಗೆದ ಯಕೃತ್ತನ್ನು ಜೇನು ಬೆರೆಸಿದ ಹಾಲಿನಲ್ಲಿ ನೆನೆಯಿಟ್ಟು ಇನ್ನೂ ಉಬ್ಬಿಸುತ್ತಿದ್ದರು. ಇದೇ ಕುಶಲತೆಯನ್ನು ಹೆಣ್ಣು ಹಂದಿಗಳಿಗೂ ಅನ್ವಯಿಸಿದವನು ಭೋಜನಪ್ರಿಯನೆಂದು ಹೆಸರಾದ ಅಪೀಕಿಯಸನು. ಒಣ ಅಂಜೂರವನ್ನು ತಿನ್ನಿಸಿ ತಿನ್ನಿಸಿ ಕೊಬ್ಬಿಸಿದ ಹಂದಿಗೆ ಕೊನೆಯಲ್ಲಿ ಜೇನು ಬೆರೆಸಿದ ದ್ರಾಕ್ಷಾರಸವನ್ನು ಕುಡಿಸಿ ತಟ್ಟನೆ ಕೊಲ್ಲುವುದು ಅವನ ಕ್ರಮ. ಅಂಜೂರಕ್ಕೆ ಲ್ಯಾಟಿನ್ನಿನಲ್ಲಿ 'ಫೀಕುಸ್' ಎಂದು ಹೆಸರು. ಅಂಜೂರದಿಂದ ಕೊಬ್ಬಿಸಿದ ಯಕೃತ್ತು 'ಫೀಕಾತುಮ್'. ಯಕೃತ್ತಿಗೆ ಲ್ಯಾಟಿನ್ನಿನಲ್ಲಿ ಮೊದಲಿದ್ದ 'ಯೆಕುರ್' ಎಂಬ ಮಾತು ಜನಭಾಷೆಯಿಂದ ಮರೆಯಾಗಿ ಈ ಅಡಿಗೆಯವರ ಮಾತೇ ನಿಂತಿತು. ಇಟಾಲಿಯನ್ನರ 'ಫೆಗಾತೊ', ಫ್ರೆಂಚರ 'ಫ್ವಾ', ಸ್ಪ್ಯಾನಿಷರ 'ಇಗಾದೊ' ಎಲ್ಲವೂ ಅದರ ಸಂತತಿ. ಮೂರು ರಾಷ್ಟ್ರಗಳ ಜನ ಇಂದಿಗೂ ತಮ್ಮ ಶರೀರದ ಅಂಗವೊಂದನ್ನು ಅಂಜೂರ ತಿಂದ ಹಂದಿಬಾತುಗಳ ಹೆಸರಿನಿಂದಲೇ ಕರೆಯುತ್ತಿದ್ದಾರೆಂಬುದು ಭಾಷೆಯ ವಿನೋದಗಳಲ್ಲೊಂದು.

ಸಿಹಿಯು ಯಕೃತ್ತನ್ನು ಬೆಳೆಸುತ್ತದೆಂಬುದು ರೋಮನ್ನರಿಗೆ ಹೀಗೆ ಕಣ್ಣಿಗೆ ಕಾಣುವ, ಬಾಯಿಗೆ ಸಿಕ್ಕುವ ಸತ್ಯವಾಗಿತ್ತು. ಊದಿಕೊಂಡ ಯಕೃತ್ತಿನವರಿಗೆ ಸಿಹಿ ಹಣ್ಣುಗಳೂ ಸಿಹಿ ದ್ರಾಕ್ಷಾರಸವೂ ಅಪಥ್ಯವೆಂದು ವೈದ್ಯರು ಹೇಳುತ್ತಿದ್ದುದನ್ನು ಇದರೊಡನೆ ಇಟ್ಟು ನೋಡಬೇಕು. ಇಂದಿನ ಜೀವರಸಾಯನಶಾಸ್ತ್ರವು ಇದೇ ವಿಷಯದ ಮೇಲೆ ಇನ್ನೊಂದು ದಿಕ್ಕಿನಿಂದ ಬೆಳಕು ಚೆಲ್ಲುತ್ತದೆ. ಜೇನುತುಪ್ಪದಲ್ಲಿ ಸಾಮಾನ್ಯವಾಗಿ ನೂರಕ್ಕೆ ೩೮ ಭಾಗದಷ್ಟು ಫ್ರಕ್ಟೋಸ್, ೩೧ ಭಾಗದಷ್ಟು ಗ್ಲೂಕೋಸ್, ೧೭ ಭಾಗದಷ್ಟು ನೀರು ಇರುತ್ತವೆ. ಫ್ರಕ್ಟೋಸಿನ ಬಹುಭಾಗವು ವಿನಿಯೋಗವಾಗುವುದು ಯಕೃತ್ತಿನಲ್ಲಿಯೇ. ಮಿತಿಮೀರಿದಾಗ ಅದು ಅಲ್ಲಿ ಕೊಬ್ಬಾಗಿ ಪರಿವರ್ತನೆ ಹೊಂದುತ್ತದೆ. ಮದ್ಯವನ್ನು ಮುಟ್ಟದವರಲ್ಲಿಯೂ ಯಕೃತ್ತಿನಲ್ಲಿ ಕೊಬ್ಬು ಸಂಗ್ರಹವಾಗುವ ರೋಗವು ಇಂದು ಜಗತ್ತಿನಾದ್ಯಂತ ಹರಡಿದೆ. ಜೇನಿನ ಒಂದೆರಡು ಚಮಚ ಇದಕ್ಕೆ ಕಾರಣವೆಂದು ಯಾರೂ ಹೇಳುವುದಿಲ್ಲ. ಆದರೆ 'ಎಷ್ಟು ತಿಂದರೂ ಒಳ್ಳೆಯದು' ಎಂಬ ಮಾತಿಗೆ ಪ್ರಾಚೀನರ ಬೆಂಬಲವೂ ಇಲ್ಲ, ಆಧುನಿಕರ ಬೆಂಬಲವೂ ಇಲ್ಲ.

ಈಗ ನಮ್ಮ ಗ್ರಂಥಗಳತ್ತ ತಿರುಗೋಣ. ಚರಕಸಂಹಿತೆಯ ಸೂತ್ರಸ್ಥಾನವು ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೌತ್ತಿಕ ಎಂದು ನಾಲ್ಕು ಬಗೆಯ ಜೇನನ್ನು ಹೇಳಿ ಮಾಕ್ಷಿಕವನ್ನು ಶ್ರೇಷ್ಠವೆನ್ನುತ್ತದೆ. ಸುಶ್ರುತನಲ್ಲಿ ಈ ಸಂಖ್ಯೆ ಎಂಟಕ್ಕೆ ಏರುತ್ತದೆ. ಜೇನಿನ ಅಜೀರ್ಣದಿಂದ ಹುಟ್ಟಿದ ಆಮಕ್ಕಿಂತ ಕಷ್ಟಸಾಧ್ಯವಾದುದು ಬೇರೊಂದಿಲ್ಲವೆಂದೂ ಚರಕನು ಎಚ್ಚರಿಸಿದ್ದಾನೆ. ಸಿಹಿಯಾಗಿದ್ದೂ ಜೇನು ಕಫವನ್ನು ಬೆಳೆಸದೆ ಕರಗಿಸುತ್ತದೆ, ಕೆರೆದು ತೆಗೆಯುತ್ತದೆ ಎಂಬುದು ಆಯುರ್ವೇದದ ಸರ್ವಸಮ್ಮತ ಮತ. ಇದಕ್ಕೆ 'ಲೇಖನ' ಗುಣವೆಂದು ಹೆಸರು. ಸಿಹಿಗಳಲ್ಲಿ ಜೇನೊಂದನ್ನು ಮಾತ್ರ ಬೇರೆ ಪಂಕ್ತಿಯಲ್ಲಿ ಕೂರಿಸಿದ ಗೇಲನ್ನನ ಮಾತು ಓದುಗರಿಗೆ ಇಲ್ಲಿ ನೆನಪಾಗದಿರದು.

ಈ ಸಾಮ್ಯವು ಕಾಮಾಲೆಯ ಚಿಕಿತ್ಸೆಯಲ್ಲಿ ಇನ್ನೂ ನಿಕಟವಾಗುತ್ತದೆ. ಚರಕನ ಚಿಕಿತ್ಸಾಸ್ಥಾನದ ಹದಿನಾರನೆಯ ಅಧ್ಯಾಯವು ಪಾಂಡುರೋಗಕ್ಕೂ ಕಾಮಾಲೆಗೂ ಮೀಸಲಾದುದು. ಅಲ್ಲಿ ಸಾಮಾನ್ಯ ಕಾಮಾಲೆಯಲ್ಲದೆ ಮತ್ತೊಂದು ಬಗೆಯ ವರ್ಣನೆಯೂ ಇದೆ. ರೋಗಿಯ ಕಣ್ಣು, ಚರ್ಮ, ಮೂತ್ರ ಹಳದಿಯಾಗಿವೆ. ಆದರೆ ಮಲ ಮಾತ್ರ ಅರೆದ ಎಳ್ಳಿನಂತೆ ಬಿಳುಪಾಗಿದೆ. ಕಫವು ಅಡ್ಡಗಟ್ಟಿರುವುದರಿಂದ ಪಿತ್ತವು ತನ್ನ ಸ್ಥಾನಕ್ಕೆ ಬರಲಾರದೆ ಹೊರಗೆ ಹರಡಿದೆಯೆಂದು ಆಚಾರ್ಯನ ವಿವರಣೆ. ಮಲವು ಬಿಳುಪಾಗುವುದು ಪಿತ್ತರಸವು ಕರುಳನ್ನು ಸೇರದಿರುವುದರ ಲಕ್ಷಣವೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಎರಡು ಸಾವಿರ ವರ್ಷಗಳ ಹಿಂದಿನ ಈ ಅವಲೋಕನವು ನಿಜವಾಗಿಯೂ ಪ್ರಶಂಸಾರ್ಹ. ಇದಕ್ಕೆ ಚಿಕಿತ್ಸೆಯೇನು? ಮಾದಲಹಣ್ಣಿನ ರಸಕ್ಕೆ ಜೇನು, ಹಿಪ್ಪಲಿ, ಮೆಣಸು, ಶುಂಠಿ ಸೇರಿಸಿ ಕುಡಿಸಬೇಕು. ಆಗ ಪಿತ್ತವು ತನ್ನ ಆಶಯಕ್ಕೆ ಮರಳುತ್ತದೆ. ಗ್ರೀಕನು ಜೇನಿಗೆ ವಿನೆಗರನ್ನು ಬೆರೆಸಿದನು, ಭಾರತೀಯನು ಮಾದಲದ ರಸವನ್ನು ಬೆರೆಸಿದನು. ಹುಳಿ ಮತ್ತು ಜೇನು ಕೂಡಿ ತಡೆಯನ್ನು ಕತ್ತರಿಸಬೇಕೆಂಬ ಉದ್ದೇಶ ಇಬ್ಬರಿಗೂ ಒಂದೇ.

ಇದನ್ನು ಕಂಡೊಡನೆ ಯಾರು ಯಾರಿಂದ ಕಡ ತಂದರು ಎಂಬ ಪ್ರಶ್ನೆಯನ್ನೆತ್ತುವುದು ಕೆಲವು ವಿದ್ವಾಂಸರ ಅಭ್ಯಾಸ. ಅಲೆಕ್ಸಾಂಡರನ ದಂಡಯಾತ್ರೆಯ ತರುವಾಯ ಎರಡು ಲೋಕಗಳಿಗೂ ಸಂಪರ್ಕವಿದ್ದುದು ನಿಜ. ಆದರೆ ಸಂಪರ್ಕದ ಸಾಧ್ಯತೆಯೇ ಸಂಪರ್ಕದ ಪ್ರಮಾಣವಾಗದು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರವಲನ್ನು ಊಹಿಸುವ ಅಗತ್ಯವಿಲ್ಲ. ಜೇನನ್ನು ಹಚ್ಚಿದ ವ್ರಣವು ಒಣಗಿ ಸ್ವಚ್ಛವಾಗುವುದನ್ನು ಇಬ್ಬರೂ ಕಂಡಿದ್ದರು. ಹುಳಿಯು ಎಣ್ಣೆಯ ಜಿಡ್ಡನ್ನು ತೆಗೆಯುವುದನ್ನು ಅಡಿಗೆಮನೆಯಲ್ಲಿ ಇಬ್ಬರೂ ಕಂಡಿದ್ದರು. ಹೊರಗೆ ಕಂಡ ಕ್ರಿಯೆಯನ್ನು ಶರೀರದ ಒಳಕ್ಕೆ ಆರೋಪಿಸಿಕೊಳ್ಳಲು ಇಬ್ಬರಿಗೂ ಗುರುವಿನ ಹಂಗು ಬೇಕಿರಲಿಲ್ಲ.

ಸಾಮಾನ್ಯ ಕಾಮಾಲೆಗೆ ಚರಕನು ವಿಧಿಸುವುದು ತ್ರಿಫಲೆ, ಅಮೃತಬಳ್ಳಿ, ಮರದರಿಸಿನ, ಬೇವು ಇವುಗಳಲ್ಲಿ ಒಂದರ ರಸವನ್ನು ಜೇನು ಬೆರೆಸಿ ಬೆಳಗ್ಗೆ ಕುಡಿಯುವುದನ್ನು. ಒಂಬತ್ತು ಔಷಧದ್ರವ್ಯಗಳಿಗೆ ಒಂಬತ್ತು ಭಾಗ ಕಬ್ಬಿಣದ ಚೂರ್ಣವನ್ನು ಸೇರಿಸಿ ಮಾಡುವ ನವಾಯಸ ಚೂರ್ಣಕ್ಕೂ ಜೇನುತುಪ್ಪಗಳೇ ಅನುಪಾನ. ಇಲ್ಲಿ ತುಪ್ಪವೆಂದರೆ ಹಸುವಿನ ತುಪ್ಪ. ಈ ಯೋಗಗಳಲ್ಲೆಲ್ಲ ಕಹಿಯಾದ ಮೂಲಿಕೆಯೋ ಲೋಹವೋ ಔಷಧ. ಜೇನು ಅದರ ವಾಹನ. ಜೇನು ನಾನಾ ದ್ರವ್ಯಗಳಿಂದ ಹುಟ್ಟಿದ್ದರಿಂದ ಪರಮ 'ಯೋಗವಾಹಿ', ತನ್ನೊಡನೆ ಸೇರಿದ ಔಷಧದ ಗುಣವನ್ನು ಹೊತ್ತೊಯ್ಯುವುದು, ಎಂದು ಚರಕನೇ ಹೇಳಿದ್ದಾನೆ. ಜೇನೇ ಸ್ವತಃ ಕಾಮಾಲೆಯನ್ನು ಕಳೆಯುತ್ತದೆಂಬ ಸ್ಪಷ್ಟವಾದ ಮಾತು ಭಾವಪ್ರಕಾಶದಲ್ಲಿದೆ. ಮಾಕ್ಷಿಕ ಮಧುವು ಪರಿಹರಿಸುವ ರೋಗಗಳ ಪಟ್ಟಿಯಲ್ಲಿ ನೇತ್ರರೋಗ, ಮೂಲವ್ಯಾಧಿ, ಕೆಮ್ಮು, ಉಬ್ಬಸ, ಕ್ಷಯಗಳೊಡನೆ ಕಾಮಾಲೆಯನ್ನೂ ಅದು ಸೇರಿಸಿದೆ. ಆದರೆ ಭಾವಮಿಶ್ರನ ಕಾಲ ಹದಿನಾರನೆಯ ಶತಮಾನ. ಚರಕನಿಗೂ ಅವನಿಗೂ ನಡುವೆ ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದೆ. ವಾಹನವು ಈ ಅವಧಿಯಲ್ಲಿ ಔಷಧದ ಪದವಿಗೆ ಏರಿತೆನ್ನಬಹುದು. ಇಬ್ಬರನ್ನೂ 'ಪ್ರಾಚೀನರು' ಎಂಬ ಒಂದೇ ಗೂಟಕ್ಕೆ ಕಟ್ಟುವವರು ಈ ಬೆಳವಣಿಗೆಯನ್ನು ಕಾಣಲಾರರು.

ಕರ್ನಾಟಕದ ವೈದ್ಯೇತಿಹಾಸದಲ್ಲಿ ಈ ವಿಷಯಕ್ಕೆ ಬೇರೆಡೆ ಇಲ್ಲದ ಒಂದು ತೊಡಕು ಸೇರಿಕೊಂಡಿತು. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವು ಜೈನಶ್ರಾವಕನ ಮೂಲಗುಣಗಳಲ್ಲಿ ಸೇರಿದುದೆಂದು ಸಮಂತಭದ್ರರ ರತ್ನಕರಂಡಕವು ಸಾರುತ್ತದೆ. ಜೇನನ್ನು ತೆಗೆಯುವಾಗ ಗೂಡಿನಲ್ಲಿರುವ ಅಸಂಖ್ಯ ಜೀವಿಗಳ ಹಿಂಸೆಯಾಗುವುದೇ ಇದಕ್ಕೆ ಕಾರಣ. ವೈದ್ಯನೂ ಜೈನನಾಗಿದ್ದರೆ ಏನು ಮಾಡಬೇಕು? ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯನು ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ವಾದಿಸಿದನೆಂಬುದು ಆ ಗ್ರಂಥದಿಂದಲೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ಕರ್ಣಾಟಕ ಕಲ್ಯಾಣಕಾರಕವೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಗಾಗಿಯೇ ಪ್ರಸಿದ್ಧವಾಗಿದೆ. ಚರಕನು ತಡೆಗೊಂಡ ಕಾಮಾಲೆಗೆ ನವಿಲು, ಕವುಜುಗ, ಕೋಳಿಗಳ ಮಾಂಸರಸವನ್ನೂ ಒಣ ಮೂಲಂಗಿ ಹಾಗೂ ಹುರುಳಿಯ ಕಟ್ಟನ್ನೂ ಅನ್ನದೊಡನೆ ಕೊಡಲು ಹೇಳಿದ್ದಾನೆ. ಜೈನವೈದ್ಯನಿಗೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಉಳಿಸಿಕೊಳ್ಳುವುದು ಸುಲಭ. ಜೇನಿನ ವಿಷಯದಲ್ಲಿ ಇಷ್ಟು ಸುಲಭದ ದಾರಿಯಿಲ್ಲ. ಏಕೆಂದರೆ ಚರಕಸುಶ್ರುತರ ಯೋಗಗಳಲ್ಲಿ ಪುಟಪುಟಕ್ಕೂ ಜೇನು ಇದೆ. ವೈದ್ಯಶಾಸ್ತ್ರವು ಧರ್ಮಕ್ಕೆ ಎಷ್ಟು ಬಾಗಿತು, ಧರ್ಮವು ರೋಗಿಯ ಸಂಕಟಕ್ಕೆ ಎಷ್ಟು ಬಾಗಿತು ಎಂಬುದನ್ನು ಅಳೆಯಲು ಜೇನಿನಷ್ಟು ಒಳ್ಳೆಯ ಮಾನದಂಡ ಇನ್ನೊಂದಿರಲಾರದು. ಕಲ್ಯಾಣಕಾರಕಗಳನ್ನು ಓದುವ ವಿದ್ಯಾರ್ಥಿಗಳು ಅನುಪಾನಗಳ ಮೇಲೆ ಕಣ್ಣಿಟ್ಟು ಓದಬೇಕೆಂದು ನಾವು ಸೂಚಿಸುತ್ತೇವೆ.

ಗ್ರೀಕರ ಹುಳಿಜೇನು ಇಸ್ಲಾಮೀ ಜಗತ್ತಿನಲ್ಲಿ 'ಸಿಕಂಜಬೀನ್' ಆಯಿತು. ಪಾರಸಿಯ 'ಸಿರ್ಕಾ' ಎಂದರೆ ವಿನೆಗರು, 'ಅಂಗುಬೀನ್' ಎಂದರೆ ಜೇನು. ಇಬ್ನ್ ಸೀನಾ (೯೮೦-೧೦೩೭) ಮೊದಲಾದವರ ಮೂಲಕ ಅದು ಯೂನಾನಿ ಪದ್ಧತಿಯ ಮುಖ್ಯ ಪಾನಕಗಳಲ್ಲೊಂದಾಗಿ ಹಕೀಮರೊಡನೆ ಭಾರತಕ್ಕೂ ಬಂದಿತು. ಆ ವೇಳೆಗೆ ಜೇನಿನ ಸ್ಥಾನವನ್ನು ಬಹಳ ಕಡೆ ಸಕ್ಕರೆಯು ಆಕ್ರಮಿಸಿತ್ತು. ಹೆಸರಿನಲ್ಲಿ ಜೇನು ಉಳಿಯಿತು, ಪಾತ್ರೆಯಲ್ಲಿ ಉಳಿಯಲಿಲ್ಲ. ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್‌ಶಾಹನ (೧೫೮೦-೧೬೨೭) ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತನು ಭಾರತೀಯ ವೈದ್ಯವನ್ನು ಪಾರಸಿ ಓದುಗರಿಗೆ ಪರಿಚಯಿಸಲು ದಸ್ತೂರ್-ಉಲ್-ಅತಿಬ್ಬಾ ಎಂಬ ಗ್ರಂಥವನ್ನು ಬರೆದನು. ಎರಡು ಪದ್ಧತಿಗಳೂ ನಮ್ಮ ನೆಲದಲ್ಲಿಯೇ ಎದುರುಬದುರಾಗಿ ಕುಳಿತ ಕಾಲ ಅದು.

ಯೂರೋಪಿನಲ್ಲಿ ೧೬೨೮ರಲ್ಲಿ ವಿಲಿಯಂ ಹಾರ್ವೆಯು ರಕ್ತಪರಿಚಲನೆಯನ್ನು ಪ್ರತಿಪಾದಿಸಿದನು. ದುಗ್ಧರಸನಾಳಗಳ ಶೋಧವೂ ಆದ ಮೇಲೆ ಅನ್ನರಸವು ಯಕೃತ್ತಿಗೇ ಹೋಗಬೇಕಾದುದಿಲ್ಲವೆಂದು ತಿಳಿದು, ೧೬೫೩ರಲ್ಲಿ ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನನು ಪದಚ್ಯುತವಾದ ಯಕೃತ್ತಿಗೆ ಒಂದು ಸಮಾಧಿಲೇಖವನ್ನೇ ಬರೆದು ಪ್ರಕಟಿಸಿದನು. ಸತ್ತಿತೆಂದು ಸಾರಿದ ಆ ಅಂಗಕ್ಕೆ ಮರುಹುಟ್ಟು ಕೊಟ್ಟವನು ಫ್ರಾನ್ಸಿನ ಕ್ಲೋದ್ ಬರ್ನಾರ್. ಯಕೃತ್ತು ಸಕ್ಕರೆಯನ್ನು ತಾನೇ ತಯಾರಿಸುತ್ತದೆಂದು ೧೮೪೮ರಲ್ಲಿ ಕಂಡುಕೊಂಡ ಅವನು ೧೮೫೭ರಲ್ಲಿ ಗ್ಲೈಕೋಜನ್ನನ್ನು ಬೇರ್ಪಡಿಸಿದನು. ಸಿಹಿಗೂ ಯಕೃತ್ತಿಗೂ ಇರುವ ನಂಟು ಅಡಿಗೆಮನೆಯಿಂದ ಪ್ರಯೋಗಶಾಲೆಗೆ ಬಂದುದು ಹೀಗೆ.

ಇಂದಿನ ಪ್ರಯೋಗಗಳ ಸ್ವರೂಪವನ್ನು ಚುಟುಕಾಗಿ ಹೇಳಬಹುದು. ಇಲಿಗಳಿಗೆ ಜೇನಂಟಿನ ಸಾರವನ್ನೋ ಜೇನನ್ನೋ ಕೆಲವು ದಿನ ಕೊಟ್ಟು, ಅನಂತರ ಕಾರ್ಬನ್ ಟೆಟ್ರಾಕ್ಲೋರೈಡನ್ನೋ ಮಿತಿಮೀರಿದ ಪ್ಯಾರಾಸಿಟಮಾಲನ್ನೋ ಕೊಟ್ಟು ಯಕೃತ್ತಿಗೆ ಹಾನಿಮಾಡುತ್ತಾರೆ. ಹಾನಿಗೊಂಡ ಯಕೃತ್ತಿನಿಂದ ರಕ್ತಕ್ಕೆ ಸೋರುವ ಕಿಣ್ವಗಳ ಪ್ರಮಾಣವನ್ನು ಅಳೆಯುತ್ತಾರೆ. ಸಾರವನ್ನು ಸೇವಿಸಿದ ಇಲಿಗಳಲ್ಲಿ ಈ ಸೋರಿಕೆ ಕಡಿಮೆಯೆಂದು ಅನೇಕ ಪ್ರಯೋಗಗಳು ತೋರಿಸಿವೆ. ಜೇನಂಟಿನಲ್ಲಿರುವ ಫ್ಲೇವನಾಯ್ಡುಗಳೂ ಕೆಫೀಕ್ ಆಮ್ಲದ ಎಸ್ಟರುಗಳೂ ಉತ್ಕರ್ಷಣವನ್ನು ತಡೆಯುತ್ತವೆಂಬುದು ಇದಕ್ಕೆ ಕೊಡುವ ಕಾರಣ. ಇದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಇಲಿಗೆ ವಿಷಕ್ಕೆ ಮೊದಲೇ ಔಷಧ ದೊರೆಯುತ್ತದೆ. ಮನುಷ್ಯನು ವೈದ್ಯನ ಬಳಿಗೆ ಬರುವುದು ಹಾನಿಯಾದ ಮೇಲೆ. ಮನುಷ್ಯರ ಮೇಲೆ ನಡೆದಿರುವ ಪರೀಕ್ಷೆಗಳು ಕೆಲವೇ, ಸಣ್ಣವು. ಇನ್ನೊಂದು ಮಾತನ್ನೂ ಹೇಳಬೇಕು. ಕಲುಷಿತ ನೀರಿನಿಂದ ಹರಡುವ ಎ ವರ್ಗದ ಕಾಮಾಲೆಯು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ರೋಗಿ ಏನನ್ನು ಸೇವಿಸಿದ್ದನೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕಾಮಾಲೆಯ ಮದ್ದುಗಳು ಎಲ್ಲ ನಾಡುಗಳಲ್ಲಿಯೂ ಇಷ್ಟು ಹೇರಳವಾಗಿರುವುದಕ್ಕೆ ಇದೇ ದೊಡ್ಡ ಕಾರಣವೆಂದು ತೋರುತ್ತದೆ. ಅದೇ ಪಥ್ಯವನ್ನು ನಂಬಿದ ಬಿ ವರ್ಗದ ರೋಗಿಯ ಕಥೆ ಬೇರೆಯಾಗಿ ಮುಗಿಯಬಹುದು.

ಪ್ರಯೋಗಶಾಲೆಯ ಜೇನಂಟನ್ನು ನಮ್ಮ ಪ್ರಾಚೀನರ ಹೆಸರಿಗೆ ಜೋಡಿಸುವವರಿಗೆ ಪ್ರಾಣಿಶಾಸ್ತ್ರವೂ ಅಡ್ಡಬರುತ್ತದೆ. ಆ ಅಂಟನ್ನು ಧಾರಾಳವಾಗಿ ಕೂಡಿಸುವುದು ಯೂರೋಪಿನ ಜೇನ್ನೊಣ. ಮಲೆನಾಡಿನ ಪೊಟರೆಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ನಾವು ಕಾಣುವ ತುಡುವೆ ಜೇನು ಅದನ್ನು ಸಂಗ್ರಹಿಸುವುದಿಲ್ಲವೆಂದೇ ಹೇಳಬೇಕು. ಕೊಂಡಿಯಿಲ್ಲದ ಮುಜಂಟಿ ಜೇನಿನ ಗೂಡಿನಲ್ಲಿ ಮಾತ್ರ ಅಂಟು ಸಮೃದ್ಧವಾಗಿರುತ್ತದೆ. ಚರಕಸುಶ್ರುತರು ಮಧುವಿನ ಗುಣಗಳನ್ನು ಹೇಳಿದಾಗ ಅವರ ಮುಂದಿದ್ದುದು ಇಂದಿನ ಗುಳಿಗೆಗಳಲ್ಲಿ ತುಂಬುವ ಪದಾರ್ಥವಲ್ಲ.

ಜೇನು ಯಾವ ಹೂವಿನಿಂದ ಬಂದಿತೆಂಬುದರ ಮೇಲೆ ಅದರ ಗುಣ ನಿಂತಿದೆಯೆಂಬುದಕ್ಕೆ ಯಕೃತ್ತಿಗೆ ಸಂಬಂಧಿಸಿದ ಒಂದು ವಿಪರೀತ ನಿದರ್ಶನವೂ ಇದೆ. ಅಮೆರಿಕದಲ್ಲಿ ರ್ಯಾಗ್‌ವರ್ಟ್ ಎಂಬ ಕಳೆಗಿಡದ ಹೂವಿನಿಂದ ಬಂದ ಜೇನಿನಲ್ಲಿ ಪಿರೋಲಿಜಿಡೀನ್ ವರ್ಗದ ಕ್ಷಾರಾಭಗಳಿರುವುದನ್ನು ೧೯೭೭ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇವು ಯಕೃತ್ತಿಗೇ ವಿಷವಾದ ವಸ್ತುಗಳು. ಆ ಗಿಡವನ್ನು ಮೇದ ದನಕುದುರೆಗಳು ಯಕೃತ್ತು ಕೆಟ್ಟು ಸಾಯುವುದನ್ನು ರೈತರು ಬಹುಕಾಲದಿಂದ ಬಲ್ಲರು. ಸುಶ್ರುತಸಂಹಿತೆಯಲ್ಲಿ, ಜೇನು ಪರಸ್ಪರ ವಿರುದ್ಧಗುಣಗಳುಳ್ಳ ನಾನಾ ಪುಷ್ಪರಸಗಳಿಂದಲೂ ಸವಿಷವಾದ ನೊಣಗಳಿಂದಲೂ ಉಂಟಾದುದರಿಂದ ಅದನ್ನು ಬಿಸಿಯೊಡನೆ ಸೇರಿಸಬಾರದೆಂದು ಹೇಳಿದೆ. ಈ ಮಾತನ್ನು ಹಿಡಿದು ಸುಶ್ರುತನಿಗೆ ಕ್ಷಾರಾಭಗಳು ತಿಳಿದಿದ್ದವೆಂದು ನಾಳೆ ಯಾರಾದರೂ ಬರೆದಾರು. ಅವನಿಗೆ ಅವು ತಿಳಿದಿರಲಿಲ್ಲ. ಅವನು ಹೇಳುತ್ತಿದ್ದುದು ಬಿಸಿಯ ನಿಷೇಧಕ್ಕೆ ಕಾರಣವನ್ನು. ಆದರೂ ಜೇನಿನ ಹಿಂದೆ ಹೂವೂ ಹೂವಿನ ಹಿಂದೆ ವಿಷವೂ ಇರಬಹುದೆಂಬ ಎಚ್ಚರ ಅವನಿಗಿತ್ತು.